ಪಾಮನಕಲ್ಲೂರಿನ ಅಡಿಗಲ್ಲು

ಸಿಂಧನೂರಿನ ದಸ್ತಗೀರ್‌ಸಾಬ್ ಹಳೆಯ ಅಡಿಗಲ್ಲುಗಳನ್ನು ಕೊಂಡು ಮಾರಿ ಬದುಕುತ್ತಿದ್ದವನು. ಹೆಸರಿಗಷ್ಟೇ ಅದು ಕಲ್ಲು. ಕಮ್ಮಾರರು ಕಾದ ಕಬ್ಬಿಣವನ್ನಿಟ್ಟು ಬಡಿಯುವ ಉಕ್ಕಿನ ದಿಮ್ಮಿ. ಅವನ ಅಪ್ಪ ಎತ್ತುಗಳಿಗೆ ಲಾಳ ಕಟ್ಟುವ ನಾಲಬಂದ. ಅಪ್ಪನ ಹಿಂದೆ ಊರೂರು ಅಲೆಯುತ್ತ, ಲಾಳ ಮಾಡಿಸಲು ಕುಲುಮೆಗಳ ಮುಂದೆ ಕಾದು ಕೂತು ಕೂತು, ದಸ್ತಗೀರನಿಗೆ ಚಿಕ್ಕಂದಿನಲ್ಲೇ ಅಡಿಗಲ್ಲಿನ ಹುಚ್ಚು ಹಿಡಿದಿತ್ತು. ಅಪ್ಪ ತೀರಿಕೊಂಡ ಮೇಲೆ ಲಾಳದ ಕೆಲಸ ಬಿಟ್ಟು ಇದನ್ನೇ ಹಿಡಿದ.

ಯಾವುದಾದರೂ ಊರಿನಲ್ಲಿ ಕಮ್ಮಾರ ಸತ್ತು, ಮಕ್ಕಳು ಬೇರೆ ಕಸುಬಿಗೆ ಹೋಗಿ, ಕುಲುಮೆ ಆರಿದೆ ಎಂದು ಕಿವಿಗೆ ಬಿದ್ದರೆ ಸಾಕು, ಒಂಟೆತ್ತಿನ ಗಾಡಿ ಹೂಡಿಕೊಂಡು ಹೊರಡುತ್ತಿದ್ದ. ಮನೆಯವರ ಜೊತೆ ಕೂತು ಸತ್ತವನ ಸುದ್ದಿ ಮಾತಾಡಿ, ಅವರು ಕೊಟ್ಟ ನೀರು ಕುಡಿದು, ಆಮೇಲೆ ಸಣ್ಣ ಸುತ್ತಿಗೆಯಿಂದ ಅಡಿಗಲ್ಲನ್ನು ಬಡಿದು ನಾದ ಕೇಳುತ್ತಿದ್ದ. ಒಳಗೆ ಬಿರುಕಿದ್ದರೆ ಒಡಕು ಸದ್ದು, ಗಟ್ಟಿ ಇದ್ದರೆ ಗಂಟೆಯಂಥ ಸದ್ದು. ಕೊಂಡದ್ದನ್ನು ಹೊಸ ಕುಲುಮೆ ಹೂಡುವವರಿಗೆ ಮಾರುತ್ತಿದ್ದ. ಅಲ್ಲಿಯವರೆಗೆ ಅವು ಅವನ ಹಿತ್ತಲಿನ ಬೇವಿನ ಮರದ ಕೆಳಗೆ ಸಾಲಾಗಿ ಕೂತಿರುತ್ತಿದ್ದವು. ಜರ್ಮನ್ ಲಡಾಯಿಯ ಕಾಲಕ್ಕೆ ಕಬ್ಬಿಣ ಚಿನ್ನವಾದಾಗ ರಾಯಚೂರಿನ ವ್ಯಾಪಾರಿಗಳು ಬಂದು ಕೇಳಿದ್ದರು. ‘ಇವು ಗುಜರಿ ಅಲ್ಲರೀ, ಕರಗಿಸಾಕ ಕೊಡಂಗಿಲ್ಲ’ ಎಂದು ವಾಪಸು ಕಳಿಸಿದ್ದ. ಈ ಮಾತು ಹಳ್ಳಿಗಳಿಗೆಲ್ಲ ಹಬ್ಬಿ, ಕಮ್ಮಾರರ ವಿಧವೆಯರು ಬೇರೆ ಯಾರಿಗೂ ಕೊಡದೆ ಅವನಿಗೇ ಹೇಳಿ ಕಳಿಸುತ್ತಿದ್ದರು.

ಅವನು ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟದ್ದು ಪಾಮನಕಲ್ಲೂರಿನ ಮುದುಕಪ್ಪನ ಅಡಿಗಲ್ಲಿಗೆ. ಮುದುಕಪ್ಪ ಆ ಊರಿನ ಆಯಗಾರ ಕಮ್ಮಾರ. ರೈತರ ನೇಗಿಲ ಕುಡ, ಕುಡಗೋಲು, ಕೂರಿಗೆಯ ತಾಳು ಬಡಿದುಕೊಟ್ಟು ಸುಗ್ಗಿಯಲ್ಲಿ ಕಣದಿಂದ ಜೋಳ ಪಡೆಯುವವನು. ಅವನ ಅಡಿಗಲ್ಲು ಅಜ್ಜನಿಗಿಂತಲೂ ಹಿಂದಿನದು. ಒಂದು ಮೂಲೆ ಮುಕ್ಕಾಗಿತ್ತು, ನಡುವೆ ಬೋಗುಣಿಯ ಹಾಗೆ ಸವೆದಿತ್ತು. ಆದರೂ ಅದನ್ನು ಬಡಿದರೆ ಸದ್ದು ಊರ ಹೊರಗಿನ ಹಳ್ಳದವರೆಗೂ ಕೇಳುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ದಸ್ತಗೀರ್‌ಸಾಬ್ ಹೋಗಿ ಕೇಳುವುದು, ಮುದುಕಪ್ಪ ನಗುವುದು ರೂಢಿಯಾಗಿತ್ತು.

‘ಕೊಡ್ತೀಯೇನು ಮುದುಕಪ್ಪಣ್ಣ?’

‘ನಾ ಸತ್ತ ಮ್ಯಾಲ ಕರೆಮ್ಮನ್ನ ಕೇಳು. ಆಕಿ ಕೊಟ್ರ ಒಯ್ಯಿ.’

‘ನಾ ಯಾಕ ಕೊಡ್ಲಿ?’ ಎಂದು ಒಳಗಿನಿಂದ ಹೆಂಡತಿ ಕರೆಮ್ಮ ಕೂಗುತ್ತಿದ್ದಳು. ‘ಮೊದ್ಲು ಉಣ್ಣಾಕ ಬರ್ರಿ ಇಬ್ರೂ.’ ಆಕೆಗೆ ಅಣ್ಣತಮ್ಮಂದಿರಿರಲಿಲ್ಲ. ದಸ್ತಗೀರ್‌ಸಾಬನನ್ನೇ ಅಣ್ಣ ಎನ್ನುತ್ತಿದ್ದಳು. ವ್ಯಾಪಾರ ಕುದುರದಿದ್ದರೂ ಅವನು ರೊಟ್ಟಿ, ಪುಂಡಿಪಲ್ಯ ಉಂಡು, ಹೊತ್ತು ಇಳಿದ ಮೇಲೆ ಗಾಡಿ ಹೂಡುತ್ತಿದ್ದ.

ನಲವತ್ತೇಳರ ಆಗಸ್ಟಿನಲ್ಲಿ ಗಡಿಯ ಆಚೆ ಹೊಸ ಬಾವುಟ ಏರಿತು. ಈಚೆ ನಿಜಾಮರ ಆಳ್ವಿಕೆ ಹಾಗೇ ಉಳಿಯಿತು. ಮೊದಮೊದಲು ಇದು ಪೇಟೆಯ ಕಟ್ಟೆಗಳ ಮೇಲಿನ ಮಾತಾಗಿತ್ತಷ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ನಿಜಾಮರ ಪರವಾಗಿ ಖಾಕಿ ಅಂಗಿ ತೊಟ್ಟವರ ಗುಂಪುಗಳು ಹಳ್ಳಿಗಳಲ್ಲಿ ತಿರುಗತೊಡಗಿದವು. ನಿಜಾಮರ ವಿರುದ್ಧ ಗಡಿಯಾಚೆ ಶಿಬಿರ ಹೂಡಿದ್ದವರು ಒಳಗೆ ಬಂದು ಹೋಗತೊಡಗಿದರು. ಬಸ್ಸಿನಲ್ಲಿ ಜನ ಪಕ್ಕದವರ ಮುಖ ನೋಡಿ ಮಾತಾಡುವಂತಾಯಿತು.

ಅಂಥ ದಿನಗಳಲ್ಲೇ ಒಮ್ಮೆ ಮಸ್ಕಿ ಸಂತೆಯಲ್ಲಿ ಕರೆಮ್ಮ ದಸ್ತಗೀರ್‌ಸಾಬನನ್ನು ಹುಡುಕಿಕೊಂಡು ಬಂದಳು. ಬುಟ್ಟಿಯಲ್ಲಿ ಮಾರುವ ಸಾಮಾನು ಏನೂ ಇರಲಿಲ್ಲ. ಅವನಿಗಾಗಿಯೇ ನಡೆದು ಬಂದಿದ್ದಳು.

‘ಅಣ್ಣಾ, ನಾಳಿಗೆ ಗಾಡಿ ತಗೊಂಡು ಬಾ. ಅಡಿಗಲ್ಲು ಒಯ್ಯಿ ಅಂದಾನ.’

‘ಯಾಕವ್ವ, ಏನಾತು? ಆರಾಮ ಅದಾನಿಲ್ಲ?’

‘ಆರಾಮ ಅದಾನ. ನೀ ಬಾ, ಅಲ್ಲೇ ಹೇಳ್ತಾನ.’

ಮರುದಿನ ಅವನು ಹೋದಾಗ ಕುಲುಮೆಯಲ್ಲಿ ಬೆಂಕಿ ಇರಲಿಲ್ಲ. ಮುದುಕಪ್ಪ ತಿದಿಯ ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ಗೋಡೆಯ ಬುಡದಲ್ಲಿ ಗಾಡಿ ಗಾಲಿಯ ಕಬ್ಬಿಣದ ಪಟ್ಟಿಯ ತುಂಡುಗಳ ಎರಡು ರಾಶಿ ಬಿದ್ದಿದ್ದವು.

‘ಇದು ಖಾಕಿ ಅಂಗ್ಯಾರು ಹಾಕಿ ಹೋಗಿದ್ದು’ ಎಂದು ಒಂದು ರಾಶಿ ತೋರಿಸಿದ. ‘ಭರ್ಚಿ ಬಡಿದು ಕೊಡು ಅಂದ್ರು. ಇಕಾ ಇದು ಆಚೆ ಶಿಬಿರದಾಗಿಂದ ಬಂದೋರ್ದು. ಅವರಿಗೂ ಭರ್ಚಿನ ಬೇಕು. ಇವರಿಗೆ ಕೊಟ್ರ ಅವರು ಬಿಡಂಗಿಲ್ಲ, ಅವರಿಗೆ ಕೊಟ್ರ ಇವರು ಬಿಡಂಗಿಲ್ಲ. ಇಬ್ರಿಗೂ ಬಡಿದು ಕೊಟ್ಟೆ ಅನ್ನು, ಯಾರ ಹೊಟ್ಟಿಗೆ ಹೋಗ್ತಾವ ಅವು?’

‘ಊರು ಬಿಟ್ಟು ಎಲ್ಲ್ಯಾರ ಹೋಗಿ ಇರ್ರಿ ನಾಕು ದಿನ.’

‘ಊರ ಜ್ವಾಳ ತಿಂದೀನಿ ದಸ್ತಗೀರ, ಹ್ಯಾಂಗ ಬಿಟ್ಟು ಹೋಗ್ಲಿ? ಬಿತ್ತಿಗಿ ಕೆಲಸ ಎಲ್ಲಾ ಮುಗಿಸಿ ಕೊಟ್ಟೀನಿ. ಇನ್ನ ಸುಗ್ಗಿ ಮಟ ಯಾರೂ ನನ್ನ ಕೇಳಂಗಿಲ್ಲ. ಅಡಿಗಲ್ಲ ಇಲ್ಲ ಅಂದ್ರ ಯಾರು ಬಂದು ಏನ್ ಮಾಡ್ತಾರ? ಮಾರೀನಿ ಅಂತೀನಿ. ಗದ್ಲ ಮುಗಿದ ಮ್ಯಾಲ ತಂದು ಕೊಡು.’

ದಸ್ತಗೀರ್‌ಸಾಬ್ ಅಡಿಗಲ್ಲನ್ನು ನೋಡಿದ. ಎಷ್ಟು ಬೇಸಿಗೆ ಇದನ್ನೇ ಕೇಳಿದ್ದ! ಈಗ ಎದುರಿಗೆ ತಂದಿಟ್ಟರೆ ಕೈ ಮುಂದೆ ಬರುತ್ತಿರಲಿಲ್ಲ. ಬೇಡ ಎಂದರೆ ಈ ಇಬ್ಬರು ಸಿಕ್ಕಿ ಬೀಳುತ್ತಾರೆ. ಹೂಂ ಎಂದರೆ ತನ್ನ ಹಿತ್ತಲು ಎಲ್ಲರಿಗೂ ಗೊತ್ತಿರುವ ಜಾಗ. ಹಾಗೇ ಒಯ್ದಿಟ್ಟುಕೊಳ್ಳುತ್ತೇನೆ, ದುಡ್ಡಿನ ಮಾತು ಬೇಡ ಎಂದ. ಮುದುಕಪ್ಪ ಒಪ್ಪಲಿಲ್ಲ.

‘ರೊಕ್ಕ ಇಸಗೊಂಡ್ರ ಮಾರಿದಂಗ ಆಗ್ತೈತಿ. ಸುಳ್ಳು ಹೇಳಾಕ ನನಗ ಬರಂಗಿಲ್ಲ.’

ದಸ್ತಗೀರ್‌ಸಾಬ್ ರೊಕ್ಕ ಎಣಿಸಿ ಕೊಟ್ಟ ಮೇಲೆ ಇಬ್ಬರೂ ಸೇರಿ ಮರದ ಕೊರಡಿನಿಂದ ಅದನ್ನು ಕಿತ್ತರು. ಕರೆಮ್ಮ ಅದರ ಹಣೆಯ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿ, ಒರೆಸಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಗೋಣಿಚೀಲ ಮುಚ್ಚಿದರು. ಪಕ್ಕದ ಹೊಲದ ಒಡೆಯ ಹಂಪಣ್ಣ ಬದುವಿನ ಮೇಲೆ ನಿಂತು ನೋಡುತ್ತಿದ್ದವನು, ಏನು ಎತ್ತ ಎಂದು ಕೇಳದೆ ಮುಖ ತಿರುಗಿಸಿ ನಡೆದ. ಆ ದಿನಗಳಲ್ಲಿ ಕೇಳದಿರುವುದೇ ಒಳ್ಳೆಯದೆಂದು ಎಲ್ಲರೂ ಕಲಿತಿದ್ದರು.

ಮನೆ ಮುಟ್ಟಿದಾಗ ದಸ್ತಗೀರ್‌ಸಾಬನ ಹೆಂಡತಿ ಸಕೀನಾಬೀ ಗೋಣಿ ಎತ್ತಿ ನೋಡಿದಳು. ಆಕೆಗೆ ಆ ಮುಕ್ಕಾದ ಮೂಲೆಯ ಕಥೆ ಕೇಳಿ ಕೇಳಿ ಗೊತ್ತಿತ್ತು.

‘ಮುದುಕಪ್ಪ ಹೋಗಿಬಿಟ್ನೇನ್ರೀ?’ ಎಂದು ಬಾಯಿಗೆ ಕೈ ಇಟ್ಟಳು.

ಅವನು ಎಲ್ಲ ಹೇಳಿದ. ಆಕೆ ಹಿತ್ತಲಿನ ಸಾಲನ್ನು ನೋಡಿದಳು, ಮತ್ತೆ ಗಾಡಿಯನ್ನು ನೋಡಿದಳು. ‘ಆತನ ಮನ್ಯಾಗ ಒಂದೇ ಇತ್ತು, ಅಷ್ಟಕ್ಕ ಅಂಜ್ಯಾನ. ನಮ್ಮ ಮನ್ಯಾಗ ಎಷ್ಟು ಅದಾವ ನೋಡ್ರಿ. ಇವನ್ನೆಲ್ಲ ಎಲ್ಲ್ಯಾರ ಸಾಗಿಸಿಬಿಡ್ರಿ.’

ಎಲ್ಲಿಗೆ ಸಾಗಿಸುವುದು? ತುರ್ವಿಹಾಳದಲ್ಲಿ ಅವಳ ತವರು. ಅಲ್ಲಿಗೆ ಒಯ್ದರೆ ಅವರ ತಲೆಗೆ ತಂದಿಟ್ಟಂತೆ. ಸಾಲಗುಂದದ ಒಬ್ಬ ಕಮ್ಮಾರ ಹೋದ ತಿಂಗಳು ಒಂದು ಬೇಕೆಂದಿದ್ದ. ಹೇಳಿ ಕಳಿಸಿದರೆ ಈಗ ಬೇಡ ಎಂದುಬಿಟ್ಟ. ದಸ್ತಗೀರ್‌ಸಾಬ್ ಮುದುಕಪ್ಪನದೊಂದನ್ನು ದನದ ಕೊಟ್ಟಿಗೆಯಲ್ಲಿ ಒಣಗಿದ ಸಗಣಿ ಕುಳ್ಳಿನ ರಾಶಿಯ ಹಿಂದೆ ಇಟ್ಟ. ಉಳಿದವು ಹೇಗಿದ್ದವೋ ಹಾಗೇ ಇದ್ದವು. ಇಂದು ಏನಾದರೂ ಮಾಡಬೇಕು ಎಂದು ಎದ್ದ ಪ್ರತಿ ದಿನವೂ ಏನೂ ಮಾಡಲಾಗದೆ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಖಾಕಿ ಅಂಗಿಯವರು ಬಂದರು. ಮುಂದಾಳು ಲಿಂಗಸುಗೂರಿನ ಕಡೆಯ ಹರೆಯದವನು. ಮೀಸೆ ಇನ್ನೂ ಸರಿಯಾಗಿ ದಪ್ಪಗಾಗಿರಲಿಲ್ಲ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಸಲಾಮು ಹೇಳಿಯೇ ಒಳಗೆ ಬಂದ.

‘ಚಾಚಾ, ಪಾಮನಕಲ್ಲೂರಿಗೆ ಹೋಗಿದ್ವಿ. ಅಡಿಗಲ್ಲು ನಿಮಗ ಮಾರೀನಿ ಅಂದ ಆ ಕಮ್ಮಾರ. ಹೌದೇನು?’

ಮುದುಕಪ್ಪನಿಗೆ ಸುಳ್ಳು ಬರುವುದಿಲ್ಲ. ‘ಹೌದು’ ಎಂದ ದಸ್ತಗೀರ್‌ಸಾಬ್.

ಹುಡುಗ ಹಿತ್ತಲಿಗೆ ಹೋಗಿ ಬೇವಿನ ಮರದ ಕೆಳಗಿನ ಸಾಲನ್ನು ನೋಡಿ ನಕ್ಕುಬಿಟ್ಟ. ‘ಅರೆ ಚಾಚಾ! ನಾವು ಒಂದೊಂದಕ್ಕ ಹಳ್ಳಿ ಹಳ್ಳಿ ಅಲ್ಯಾಕತ್ತೀವಿ, ನೀವು ಇಲ್ಲಿ ಸಂತಿ ಹಚ್ಚೀರಿ. ನೀವು ನಮ್ಮೋರು, ಒಂದು ಮಾತು ಹೇಳಬಾರ್ದಾ?’

‘ಇವು ರೈತರ ಕೆಲಸದ ಸಾಮಾನಪ್ಪ. ಒಂದೊಂದೂ ಒಂದೊಂದು ಮನೆತನದ್ದು. ಕುಲುಮಿ ಹೂಡೋರಿಗೆ ಕೊಡ್ತೀನಂತ ಮಾತು ಕೊಟ್ಟು ತಂದೀನಿ.’

‘ನಾವೂ ಕುಲುಮಿನೇ ಹೂಡಾಕತ್ತೀವಿ. ಲಿಂಗಸುಗೂರಾಗ. ಪುಕ್ಕಟ ಕೊಡ್ರಿ ಅನ್ನಂಗಿಲ್ಲ.’

ಹುಡುಗ ಗದರಿಸಲಿಲ್ಲ. ಗದರಿಸಿದ್ದರೆ ದಸ್ತಗೀರ್‌ಸಾಬ್ ಎದುರು ಮಾತಾಡುತ್ತಿದ್ದನೇನೋ. ಚಾಚಾ ಎನ್ನುತ್ತಲೇ, ಹಿತ್ತಲ ಬಾಗಿಲು ತೆಗೆಸಿ, ಜೊತೆಯವರಿಗೆ ಕಣ್ಣಸನ್ನೆ ಮಾಡಿದ. ಅವರು ಎರಡು ಗಾಡಿ ತಂದಿದ್ದರು. ಹುಡುಗ ಒಂದಿಷ್ಟು ನೋಟು ಎಣಿಸಿ ದಸ್ತಗೀರ್‌ಸಾಬನ ಕೈಗೆ ತುರುಕಿದ, ಸಾಲಿನಲ್ಲಿದ್ದವೆಲ್ಲ ಗಾಡಿ ಏರಿದವು. ಪಾಮನಕಲ್ಲೂರಿನದು ಯಾವುದು ಎಂದು ಹುಡುಗ ಕೇಳಿದಾಗ ದಸ್ತಗೀರ್‌ಸಾಬ್ ಒಂದನ್ನು ಸುಮ್ಮನೆ ತೋರಿಸಿದ. ಆದರೆ ಗಾಡಿಯ ಎತ್ತಿಗೆ ಹುಲ್ಲು ಹುಡುಕಿಕೊಂಡು ಕೊಟ್ಟಿಗೆಗೆ ಹೋದ ಒಬ್ಬಾತ ಕುಳ್ಳಿನ ರಾಶಿ ಸರಿಸಿ, ‘ಇಲ್ಲೊಂದೈತಿ’ ಎಂದು ಕೂಗಿದ.

ಹುಡುಗ ದಸ್ತಗೀರ್‌ಸಾಬನ ಮುಖವನ್ನು ಒಂದು ಗಳಿಗೆ ನೋಡಿದ. ‘ಚಾಚಾ, ನೀವೂ ಬರ್ರಿ’ ಎಂದ. ‘ಇವನ್ನ ಕೊರಡಿನಾಗ ಕೂಡಿಸೋದು ನಮಗ ತಿಳಿಯಂಗಿಲ್ಲ.’

ಸಕೀನಾಬೀ ಒಳಗಿನಿಂದ ನೀರಿನ ತಂಬಿಗೆ ತಂದು ಎಲ್ಲರಿಗೂ ಕೊಟ್ಟಳು. ಮನೆಗೆ ಬಂದವರಿಗೆ ಕೊಡದೆ ಹೇಗೆ?

ಲಿಂಗಸುಗೂರಿನಲ್ಲಿ, ಹಳೆಯ ಹತ್ತಿ ಗಿರಣಿಯೊಂದರ ಅಂಗಳಕ್ಕೆ ತಗಡು ಹೊದಿಸಿ ಕುಲುಮೆಗಳನ್ನು ಕಟ್ಟುತ್ತಿದ್ದರು. ದಸ್ತಗೀರ್‌ಸಾಬ್ ಹೇಳಿದ ಕೆಲಸ ಮಾಡಿದ. ಕೊರಡು ಕೊರೆಸಿ ಒಂದೊಂದೇ ಅಡಿಗಲ್ಲನ್ನು ಕೂಡಿಸುವಾಗ ಅವನಿಗೆ ಎಲ್ಲ ಮನೆಗಳೂ ನೆನಪಾದವು. ಇದು ಕೊಡುವಾಗ ಗಂಡನ ಹೆಸರು ಹೇಳಿ ಅತ್ತ ಯಮನೂರಮ್ಮನದು. ಇದು ಮಕ್ಕಳಿಲ್ಲದ ಮುದುಕನೊಬ್ಬ ಗಾಡಿಯವರೆಗೂ ಕೈ ಹಿಡಿದು ಬಂದು ಬಿಟ್ಟು ಹೋದದ್ದು. ಅವರಿಗೆಲ್ಲ ಏನೇನು ಮಾತು ಕೊಟ್ಟಿದ್ದ!

ಅಡಿಗಲ್ಲುಗಳು ಸಿಕ್ಕ ಮೇಲೆ ಕಮ್ಮಾರರನ್ನು ತಂದರು. ಯಾರು ಯಾರು ಎಂದು ದಸ್ತಗೀರ್‌ಸಾಬನನ್ನು ಕೇಳಿದಾಗ ತನಗೆ ಗೊತ್ತಿಲ್ಲ ಎಂದಿದ್ದ. ಅದರಿಂದ ಏನೂ ಆಗಲಿಲ್ಲ. ಊರ ಗೌಡರನ್ನು ಕೇಳಿ ಕರೆತಂದರು. ಒಂದು ಮಧ್ಯಾಹ್ನ ಗಾಡಿಯಿಂದ ಇಳಿದವರಲ್ಲಿ ಮುದುಕಪ್ಪನೂ ಇದ್ದ. ಹೆಗಲ ಮೇಲೆ ಟವೆಲು, ಕೈಯಲ್ಲಿ ಕರೆಮ್ಮ ಕಟ್ಟಿಕೊಟ್ಟ ಬುತ್ತಿ. ದಸ್ತಗೀರ್‌ಸಾಬನಿಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು.

ಮುದುಕಪ್ಪ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ನಂದು ಎಲ್ಲಿ ಕೂಡಿಸೀ?’

ದಸ್ತಗೀರ್‌ಸಾಬ್ ಗೋಡೆಯ ಕಡೆ ಕೈ ತೋರಿಸಿದ. ಮುದುಕಪ್ಪ ಹೋಗಿ, ಬಗ್ಗಿ ಅಂಗೈಯಿಂದ ಅದರ ಮೇಲಿನ ಧೂಳು ಒರೆಸಿ, ಅದರ ಮುಂದೆ ಕೂತ.

ದಸ್ತಗೀರ್‌ಸಾಬ್ ಹುಡುಗನ ಬಳಿಗೆ ಹೋದ. ‘ಬೇಟಾ, ಆತಗ ವಯಸ್ಸಾಗೈತಿ. ಬೆಂಕಿ ಮುಂದ ಭಾಳ ಹೊತ್ತು ಕೂಡಂಗಿಲ್ಲ. ಅಡಿಗಲ್ಲು ಇಟಗೊಳ್ರಿ, ಆತನ್ನ ಬಿಟ್ಟುಬಿಡ್ರಿ. ಬೇಕಂದ್ರ ಆತನ ಬದ್ಲಿ ನಾ ಸುತ್ತಿಗಿ ಹಿಡೀತೀನಿ.’

‘ನಿಮಗ ಬರ್ತೈತೇನು ಚಾಚಾ?’

ಬರುತ್ತಿರಲಿಲ್ಲ. ಅವನು ಬಲ್ಲದ್ದು ಕೇಳುವುದನ್ನಷ್ಟೇ.

‘ಚಿಂತಿ ಮಾಡಬ್ಯಾಡ್ರಿ. ಊಟ ಕೊಡ್ತೀವಿ, ಕೂಲಿ ಕೊಡ್ತೀವಿ. ಕೆಲಸ ಮುಗಿದ ದಿನ ನಾನೇ ಗಾಡಿ ಮಾಡಿ ಕಳಿಸ್ತೀನಿ’ ಎಂದು ಹುಡುಗ ಅವನಿಗೆ ಚಹಾ ತರಿಸಿಕೊಟ್ಟ. ಚಹಾದ ಕಪ್ಪು ಹಿಡಿದು ನಿಂತಾಗ ಗೋಡೆಯ ಕಡೆಯಿಂದ ಮೊದಲ ಪೆಟ್ಟು ಕೇಳಿತು. ಅದೇ ನಾದ. ಎಷ್ಟು ಸಲ ಪಾಮನಕಲ್ಲೂರಿನ ಹಳ್ಳ ದಾಟುವಾಗ ಅದನ್ನು ಕೇಳಿ ಎತ್ತಿನ ಬಾಲ ಮುರಿದು ಗಾಡಿ ಓಡಿಸಿದ್ದ! ಆ ಅಂಗಳದಲ್ಲಿ ಅದನ್ನು ಕೇಳಲಾಗಲಿಲ್ಲ. ಚಹಾ ಅಲ್ಲೇ ಇಟ್ಟು ಹೊರಗೆ ಬಂದ. ಯಾರೂ ತಡೆಯಲಿಲ್ಲ. ಅವನ ಕೆಲಸ ಮುಗಿದಿತ್ತು.

ಸಿಂಧನೂರಿನ ದಾರಿ ಹಿಡಿಯದೆ ಅವನು ನಡೆದು ಮರುದಿನ ಪಾಮನಕಲ್ಲೂರು ಮುಟ್ಟಿದ. ಊರ ಬಾಯಲ್ಲೇ ಹಂಪಣ್ಣ ಸಿಕ್ಕ.

‘ಸಾಬಣ್ಣ, ನೀ ಈಗ ಊರಾಗ ಬರಬ್ಯಾಡ. ನನಗೇನಿಲ್ಲ, ನೀ ಎಂಥಾಂವ ಅಂತ ನನಗ ಗೊತ್ತೈತಿ. ಆದ್ರ ಮಂದಿ ಬ್ಯಾರೆ ಮಾತಾಡಾಕತ್ತಾರ. ನೀನೇ ಕಲ್ಲು ಒಯ್ದು ಕೊಟ್ಟಿ, ನೀನೇ ಮುದುಕಪ್ಪನ್ನ ತೋರ್ಸಿದಿ ಅಂತಾರ.’

‘ನಾ ತೋರ್ಸಿಲ್ಲ ಹಂಪಣ್ಣ.’

‘ಇರಬೌದು. ಯಾರಿಗಂತ ಹೇಳ್ತಿ?’

ಅಷ್ಟು ಹೇಳಿದರೂ ಹಂಪಣ್ಣ ಅವನ ಜೊತೆ ಮುದುಕಪ್ಪನ ಮನೆಯ ತನಕ ಬಂದ. ಮನೆಯ ಮುಂದಿನ ಕುಲುಮೆಯ ಚಪ್ಪರ ನೆಲಕ್ಕೆ ಬಿದ್ದಿತ್ತು. ತಿದಿಯ ಚರ್ಮ ಸೀಳಿತ್ತು. ಆಚೆಯ ಶಿಬಿರದವರು ಹಿಂದಿನ ದಿನ ಬಂದಿದ್ದರಂತೆ. ಕರೆಮ್ಮ ಹೊಸ್ತಿಲಲ್ಲಿ ಕೂತು ಹೇಳಿದಳು.

‘ನಿನ್ನ ಗಂಡ ಅವರಿಗೆ ಭರ್ಚಿ ಬಡ್ಯಾಕ ಹೋಗ್ಯಾನಂತ ಅಂದ್ರು. ಎಳಕೊಂಡು ಹೋಗ್ಯಾರಪ್ಪ ಅಂದೆ. ಒಬ್ಬಾಂವ ಹೌದವ್ವಾ, ನಮಗೂ ಗೊತ್ತೈತಿ ಅಂದ. ಗೊತ್ತೈತಿ ಅಂತಾನೇ ತಿದಿ ಹರದ್ರು. ಇಲ್ಲಿ ಯಾರೂ ಕೂತು ಬಡೀಬಾರ್ದಂತ.’

ದಸ್ತಗೀರ್‌ಸಾಬ್ ಅಂಗಳದಲ್ಲಿ ನಿಂತೇ ಇದ್ದ. ಆಕೆ ತಲೆ ಎತ್ತಿ ಕೇಳಿದಳು: ‘ನೋಡಿದೇನಣ್ಣಾ ಆತನ್ನ? ಬುತ್ತಿ ಉಂಡ್ನೇನು?’

ಅವನು ನೋಡಿದ್ದ, ಆದರೆ ಬುತ್ತಿ ಉಂಡದ್ದನ್ನು ನೋಡಿರಲಿಲ್ಲ. ‘ಉಂಡಾನವ್ವ’ ಎಂದ.

ಮುದುಕಪ್ಪ ವಾಪಸು ಬಂದದ್ದು ಶೇಂಗಾ ಕೀಳುವ ಕಾಲಕ್ಕೆ. ಕಬ್ಬಿಣ ತೀರಿತೋ, ಗುಂಪು ಬೇರೆ ಕಡೆ ಹೋಯಿತೋ, ಕಮ್ಮಾರರನ್ನೆಲ್ಲ ಬಿಟ್ಟು ಕಳಿಸಿದ್ದರು. ಗಾಡಿ ಮಾಡಿ ಕಳಿಸುತ್ತೇನೆಂದ ಹುಡುಗ ಅಷ್ಟರಲ್ಲಿ ಎಲ್ಲೋ ಹೋಗಿದ್ದ. ಮುದುಕಪ್ಪ ನಡೆದೇ ಬಂದ. ಸುದ್ದಿ ತಿಳಿದ ದಿನವೇ ದಸ್ತಗೀರ್‌ಸಾಬ್ ಗಾಡಿ ಹೂಡಿಕೊಂಡು ಲಿಂಗಸುಗೂರಿಗೆ ಹೋದ. ಗಿರಣಿಯ ಅಂಗಳದಲ್ಲಿ ಬೂದಿ, ಇದ್ದಿಲ ಪುಡಿ, ಖಾಲಿ ಕೊರಡುಗಳು ಬಿದ್ದಿದ್ದವು. ಅಡಿಗಲ್ಲು ಒಂದೂ ಇರಲಿಲ್ಲ. ಕಾವಲಿನ ಮುದುಕ, ಲಾರಿ ಬಂದಿತ್ತು, ತುಂಬಿಕೊಂಡು ಹೋದರು, ಯಾವ ಕಡೆ ಎಂದು ತನಗೇನು ಗೊತ್ತು ಎಂದ. ದಸ್ತಗೀರ್‌ಸಾಬ್ ಬಸ್ ನಿಲ್ಲುವಲ್ಲಿ ಕೇಳಿದ, ಚಹಾದಂಗಡಿಯಲ್ಲಿ ಕೇಳಿದ, ಠಾಣೆಯ ಬಾಗಿಲಿನವರೆಗೂ ಹೋಗಿ ಏನೆಂದು ಕೇಳಬೇಕೋ ತೋಚದೆ ತಿರುಗಿ ಬಂದ. ಕದ್ದರೆನ್ನಲು ಅವರು ಕದ್ದಿರಲಿಲ್ಲ, ಕೊಂಡಿದ್ದರು.

ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಅವನು ಸಾಲಗುಂದದ ಕಡೆ ಅಲೆದು ಒಂದು ಹಳೆಯ ಅಡಿಗಲ್ಲು ಕೊಂಡ. ಚಿಕ್ಕದು, ಬಡಿದರೆ ಒಡಕು ದನಿ. ಆದರೂ ಕುಡಗೋಲು ಹಣಿದು ಹರಿತ ಮಾಡಲು ಸಾಕು. ಅದನ್ನು ಗಾಡಿಯಲ್ಲಿಟ್ಟುಕೊಂಡು ಪಾಮನಕಲ್ಲೂರಿಗೆ ಹೋದಾಗ ಮುದುಕಪ್ಪ ಮನೆಯಲ್ಲಿರಲಿಲ್ಲ. ಹಂಪಣ್ಣನ ಹೊಲದಲ್ಲಿ, ಹೆಂಗಸರ ಸಾಲಿನಲ್ಲಿ ಕರೆಮ್ಮನ ಪಕ್ಕ ಕೂತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದ. ಸುತ್ತಿಗೆ ಹಿಡಿದು ಬಾವುಗಟ್ಟಿದ ಬೆರಳುಗಳಿಗೆ ಕಾಯಿ ಸಿಗುತ್ತಿರಲಿಲ್ಲ. ಕರೆಮ್ಮ ತನ್ನ ರಾಶಿಯಿಂದ ಆಗಾಗ ಒಂದು ಹಿಡಿ ಅವನ ಬುಟ್ಟಿಗೆ ಹಾಕುತ್ತಿದ್ದಳು.

ದಸ್ತಗೀರ್‌ಸಾಬ್ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ತಾನೂ ಒಂದು ಬಳ್ಳಿ ಎತ್ತಿಕೊಂಡ.

‘ಒಂದು ತಂದೀನಿ ಮುದುಕಪ್ಪಣ್ಣ. ನಿನ್ನದರಂಗಿಲ್ಲ. ಆದ್ರೂ…’

‘ತಗೊಂಡು ಹೋಗು.’

‘ನೋಡು ಒಂದ್ಸಲ.’

‘ಚಲೋದೈತೋ ಕೆಟ್ಟದೈತೋ, ಬ್ಯಾಡ. ಅದು ಮನ್ಯಾಗಿದ್ರ ಮತ್ತ ಬರ್ತಾರ. ಇವರು ಬರ್ತಾರ, ಇಲ್ಲಂದ್ರ ಅವರು ಬರ್ತಾರ.’

‘ನನ್ ಮ್ಯಾಲ ಸಿಟ್ಟೈತೇನು?’

ಮುದುಕಪ್ಪ ಕೈಯಲ್ಲಿನ ಬಳ್ಳಿ ಕೆಳಗಿಟ್ಟ. ‘ನಾ ಕೊಡಬಾರ್ದಿತ್ತು ನಿನಗ’ ಎಂದ. ‘ಕೊಡದಿದ್ರೂ ಹಿಂಗ ಆಗ್ತಿತ್ತು. ಏನ್ ಮಾಡಿದ್ರ ಆಗ್ತಿರಲಿಲ್ಲ ಅಂತ ದಿನಾ ಕುಂತು ನೋಡ್ತೀನಿ. ಹೊಳಿಯಂಗಿಲ್ಲ.’ ಆಮೇಲೆ, ‘ಭರ್ಚಿ ನಾನೇ ಬಡಿದೀನಿ ದಸ್ತಗೀರ. ಕೈಯಂತೂ ನಂದೇ’ ಎಂದು ಬಳ್ಳಿಯನ್ನು ಮತ್ತೆ ಎತ್ತಿಕೊಂಡ.

ಹೊತ್ತು ಇಳಿಯುವವರೆಗೂ ದಸ್ತಗೀರ್‌ಸಾಬ್ ಅಲ್ಲೇ ಕೂತು ಶೇಂಗಾ ಬಿಡಿಸಿದ. ಬಿಡಿಸಿದ್ದನ್ನೆಲ್ಲ ಮುದುಕಪ್ಪನ ಬುಟ್ಟಿಗೆ ಸುರಿದು ಎದ್ದ. ಕರೆಮ್ಮ ಬದುವಿನವರೆಗೂ ಬಂದಳು. ಉಂಡು ಹೋಗು ಎಂದು ಬಾಯಿಗೆ ಬಂದಿತ್ತೇನೋ. ಸುತ್ತಲಿನ ಹೆಂಗಸರು ನೋಡುತ್ತಿದ್ದರು. ‘ಹುಷಾರು ಹೋಗಣ್ಣಾ’ ಎಂದಷ್ಟೇ ಹೇಳಿ ತಿರುಗಿದಳು.

ಮಸ್ಕಿಯ ದಾರಿಯಲ್ಲಿ ಒಬ್ಬ ಆಳು ಗಾಡಿಗೆ ಅಡ್ಡ ಬಂದು ಕೈ ಎತ್ತಿದ. ಪಕ್ಕದ ಹಳ್ಳಿಯ ಕಮ್ಮಾರ ಆದೆಪ್ಪ. ಅವನನ್ನೂ ಗಿರಣಿಗೆ ಒಯ್ದಿದ್ದರು. ಆಗ ಮನೆಯಲ್ಲೇ ಬಚ್ಚಿಟ್ಟು ಹೋಗಿದ್ದ ಅಡಿಗಲ್ಲು ಈಗ ಗೋಣಿಯಲ್ಲಿ ಸುತ್ತಿ ಕಾಲ ಬಳಿ ಇತ್ತು.

‘ಸಾಬಣ್ಣ, ಇದನ್ನ ಒಯ್ದುಬಿಡ್ರಿ. ಏನೂ ಕೊಡಬ್ಯಾಡ್ರಿ. ಮನ್ಯಾಗ ಇಟಗೊಳ್ಳಾಕ ಹೆದ್ರಿಕಿ ಆಗ್ತೈತಿ.’

‘ನನ್ನ ಮನ್ಯಾಗ ಇಟ್ರ ಏನಾಗ್ತದಂತ ನೋಡೀದಿ ಇಲ್ಲ ಆದೆಪ್ಪ?’

‘ನೋಡೀನ್ರಿ. ಆದ್ರ ಮತ್ತ್ಯಾರಿಗೆ ಕೊಡ್ಲಿ? ಬಾವ್ಯಾಗ ಒಗ್ಯಾಕ ಮನಸ್ಸಾಗವಲ್ದು. ಅಪ್ಪ ಪೂಜಿ ಮಾಡಿದ್ದು.’

ದಸ್ತಗೀರ್‌ಸಾಬ್ ಬೇಡ ಎನ್ನಲು ಬಾಯಿ ತೆರೆದ. ಆದೆಪ್ಪ ಕೈ ಮುಗಿದು ನಿಂತಿದ್ದ. ದಸ್ತಗೀರ್‌ಸಾಬ್ ಕೆಳಗಿಳಿದು ಒಂದು ಕಡೆ ಹಿಡಿದ. ಇಬ್ಬರೂ ಅದನ್ನು ಎತ್ತಿ ಮುದುಕಪ್ಪ ಬೇಡವೆಂದಿದ್ದರ ಪಕ್ಕದಲ್ಲಿಟ್ಟರು. ಆದೆಪ್ಪ ಗೋಣಿಯ ಮೇಲಿಂದಲೇ ಅದನ್ನು ಒಮ್ಮೆ ಮುಟ್ಟಿ, ಹೊಲದ ಅಡ್ಡದಾರಿ ಹಿಡಿದು ಬೇಗ ಬೇಗ ನಡೆದು ಹೋದ. ದಸ್ತಗೀರ್‌ಸಾಬ್ ಎತ್ತಿನ ಹಗ್ಗ ಹಿಡಿದುಕೊಂಡು, ಗಾಡಿ ಏರದೆ, ಅದರ ಜೊತೆಗೆ ನಡೆಯುತ್ತಲೇ ಸಿಂಧನೂರಿನ ಕಡೆ ಹೊರಟ.